ಮುಂದಿನ ಕ್ಯಾಲಿಪರ್ ಬದಲಿಸಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿದೆ, ನಾಲ್ಕು ಸಲ ಬ್ಲೀಡ್ ಮಾಡಿದರೂ ಅದೇ ಕಥೆ

ಗ್ರೀಸ್‌ಕೈ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿ ಇಲ್ಲಿ ಕೇಳ್ತಿದ್ದೇನೆ. ನನ್ನ ಕಾರಿನ ಮುಂದಿನ ಒಂದು ಕ್ಯಾಲಿಪರ್‌ನಲ್ಲಿ (ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿತ್ತು, ಬ್ರೇಕ್ ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯುತ್ತಿತ್ತು. ಹೇಗೂ ಬಿಚ್ಚಬೇಕಲ್ಲ ಎಂದು ಎರಡೂ ಕ್ಯಾಲಿಪರ್, ಪ್ಯಾಡ್, ರಬ್ಬರ್ ಹೋಸ್ ಎಲ್ಲ ಹೊಸದು ಹಾಕಿದೆ. ನಾನೇ ಮಾಡಿದ್ದು. ಎಳೆತ ಹೋಯಿತು, ಆದರೆ ಪೆಡಲ್ ಈಗ ಒದ್ದೆ ಸ್ಪಂಜು ತುಳಿದ ಹಾಗೆ ಮೆತ್ತಗಿದೆ.

ಇಂಜಿನ್ ಆಫ್ ಇದ್ದಾಗ ಮೂರು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತುಳಿದರೆ ಮತ್ತೆ ಮೆತ್ತಗೆ. ಇಂಜಿನ್ ಆನ್ ಮಾಡಿದರೆ ಇನ್ನೂ ಕೆಳಗೆ ಹೋಗುತ್ತದೆ. ತಮ್ಮನನ್ನು ಕೂರಿಸಿಕೊಂಡು "ತುಳಿ, ಹಿಡ್ಕೋ, ಬಿಡು" ಅಂತ ನಾಲ್ಕು ಸಲ ಬ್ಲೀಡ್ ಮಾಡಿದ್ದೇನೆ (ಲೈನಿನ ಗಾಳಿ ಹೊರಹಾಕೋದು), ಅವನೀಗ ನನ್ನ ಫೋನೇ ಎತ್ತುತ್ತಿಲ್ಲ. ಡಾಟ್ 4 ಬ್ರೇಕ್ ಆಯಿಲ್ ಸುಮಾರು ಒಂದು ಲೀಟರ್ ಖಾಲಿ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ಒಂದು ಸಲವೂ ಬರಿದಾಗಲು ಬಿಟ್ಟಿಲ್ಲ. ಪೈಪಿನಲ್ಲಿ ಒಂದೇ ಒಂದು ಗುಳ್ಳೆ ಬರುತ್ತಿಲ್ಲ, ಅದೇ ಅರ್ಥವಾಗದ್ದು. ಹಿಂದೆ ಡ್ರಮ್ ಬ್ರೇಕ್, ಅದನ್ನು ಮುಟ್ಟಿಲ್ಲ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಇದೆ. ಎಲ್ಲೂ ಆಯಿಲ್ ಸೋರುತ್ತಿಲ್ಲ.

ಟೂಲ್‌ಬಾಕ್ಸ್:
ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವುದು) ಹೋಗಿದೆ. ಬದಲಿಸಿಬಿಡಿ, ಸುಮ್ನೆ ಯಾಕೆ ಒದ್ದಾಡ್ತೀರಿ.

ಹಳೇಗಾಡಿ:
ಅಷ್ಟು ಅವಸರ ಬೇಡ ಸಾರ್, ಅಂದಾಜಿನ ಮೇಲೆ ಪಾರ್ಟ್ಸ್ ಬದಲಿಸುತ್ತಾ ಹೋದರೆ ಕೊನೆಗೆ ಹೊಸ ಕಾರೇ ಆಗುತ್ತದೆ.

ಗ್ರೀಸ್‌ಕೈ, ಮೊದಲು ಒಂದು ಮಾತು. ಪೆಡಲ್ ಸರಿಯಾಗುವವರೆಗೆ ಗಾಡಿಯನ್ನು ರಸ್ತೆಗೆ ತೆಗೆಯಬೇಡಿ, ಪಕ್ಕದ ಬೀದಿಗೂ ಬೇಡ.

ಪೆಡಲ್ ಏನು ಹೇಳುತ್ತಿದೆ ಎಂದು ಸ್ವಲ್ಪ ಕೇಳಿಸಿಕೊಳ್ಳಿ. ಪಂಪ್ ಮಾಡಿ ಗಟ್ಟಿಯಾದ ಮೇಲೆ ಕಾಲನ್ನು ಒಂದು ನಿಮಿಷ ಹಾಗೇ ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ದಾಟಿ ಆಯಿಲ್ ಹಿಂದಕ್ಕೆ ಹೋಗುತ್ತಿದೆ. ಇಳಿಯದೆ ನಿಂತರೆ ಮಾಸ್ಟರ್ ಮೇಲೆ ಅನುಮಾನ ಕಡಿಮೆ. ಆಗ ಉಳಿಯುವುದು ಎರಡು: ಲೈನಿನಲ್ಲಿ ಗಾಳಿ, ಅಥವಾ ಎಲ್ಲೋ ಗ್ಯಾಪ್ ಜಾಸ್ತಿ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಹಾಗಾಗಿಯೇ ಸ್ಪಂಜಿನ ಅನುಭವ. ಇಂಜಿನ್ ಆನ್ ಮಾಡಿದಾಗ ಪೆಡಲ್ ಸ್ವಲ್ಪ ಇಳಿಯುವುದು ಕಾಲಿನ ಒತ್ತಕ್ಕೆ ಬಲ ಕೂಡಿಸುವ ಬೂಸ್ಟರ್ ಕೆಲಸ, ಅದಕ್ಕೆ ಹೆದರಬೇಕಿಲ್ಲ.

ಇನ್ನೊಂದು. ಬ್ಲೀಡ್ ಮಾಡುವಾಗ ನಿಮ್ಮ ತಮ್ಮ ಪೆಡಲನ್ನು ನೆಲ ಮುಟ್ಟುವವರೆಗೆ ತುಳಿಯುತ್ತಿದ್ದರಾ? ಹಳೇ ಮಾಸ್ಟರ್ ಸಿಲಿಂಡರ್‌ನಲ್ಲಿ ಪಿಸ್ಟನ್ ದಿನಾ ಓಡಾಡುವ ಜಾಗ ಮಾತ್ರ ನುಣ್ಣಗಿರುತ್ತದೆ. ಅದರ ಆಚೆ ತುಕ್ಕು, ಕೊಳೆ ಕೂತಿರುತ್ತದೆ. ಪೂರ್ತಿ ತುಳಿದರೆ ಸೀಲ್ ಅಲ್ಲಿಗೆ ಹೋಗಿ ಉಜ್ಜಿ ಹಾಳಾಗಬಹುದು. ನಾನು ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳುತ್ತೇನೆ. ಒಂದು ಸಲ ಸೀಲ್ ಕಳಕೊಂಡ ಮೇಲೆ ಬಂದ ಬುದ್ಧಿ ಅದು.

ಸ್ಪ್ಯಾನರ್ 13:
ಎಬಿಎಸ್ ಯೂನಿಟ್ ಒಳಗೆ ಗಾಳಿ ಸೇರಿರಬಹುದಾ? ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸಿ ಬ್ಲೀಡ್ ಮಾಡಬೇಕಾಗುತ್ತದೆ ಎಂದು ಕೇಳಿದ್ದೇನೆ.

ಹಳೇಗಾಡಿ:
ಯೂನಿಟ್ಟನ್ನೇ ಬಿಚ್ಚಿದ್ದರೆ, ಇಲ್ಲವೇ ಡಬ್ಬಿ ಪೂರ್ತಿ ಬರಿದಾಗಿದ್ದರೆ ಹೌದು. ಇವರದ್ದು ಹಾಗೆ ಆಗಿಲ್ಲವಲ್ಲ. ಅದನ್ನು ಕೊನೆಗೆ ನೋಡೋಣ.

ಬ್ಲೀಡ್‌ನಿಪ್ಪಲ್:
ಎಲ್ಲಿ ತೊಂದರೆ ಎಂದು ಹುಡುಕಲು ಸುಲಭದ ದಾರಿ ಇದೆ. ಹೋಸ್ ಕ್ಲ್ಯಾಂಪ್ ತಗೊಂಡು ಎರಡೂ ಮುಂದಿನ ರಬ್ಬರ್ ಹೋಸ್ ಅದುಮಿ ಪೆಡಲ್ ತುಳಿಯಿರಿ. ಆಮೇಲೆ ಒಂದೊಂದೇ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ ಪೆಡಲ್ ಮೆತ್ತಗಾಗುತ್ತದೋ ತೊಂದರೆ ಆ ಚಕ್ರದಲ್ಲಿದೆ. ಕ್ಲ್ಯಾಂಪ್ ಅಂದರೆ ನುಣ್ಣನೆ ದುಂಡು ಬಾಯಿಯದ್ದು. ಹಲ್ಲಿರುವ ಪ್ಲೈಯರ್‌ನಲ್ಲಿ ಹಿಡಿದರೆ ಹೊಸ ಹೋಸ್ ಒಳಗೇ ಸೀಳುತ್ತದೆ. ಸ್ಟೀಲ್ ಜಾಲರಿ ಇರುವ ಹೋಸ್ ಆದರೆ ಈ ಪರೀಕ್ಷೆ ಬೇಡವೇ ಬೇಡ.

ಆದರೆ ಅದಕ್ಕೂ ಮೊದಲು ಚಕ್ರ ಬಿಚ್ಚಿ ಒಂದು ನೋಡಿ. ಬ್ಲೀಡ್ ಮಾಡುವ ನಿಪ್ಪಲ್ (ಗಾಳಿ, ಆಯಿಲ್ ಹೊರಬಿಡುವ ತಿರುಪು) ಕ್ಯಾಲಿಪರ್‌ನ ಮೇಲ್ತುದಿಯಲ್ಲಿದೆಯಾ, ಕೆಳಗಿದೆಯಾ? ನೀವು "ಗುಳ್ಳೆ ಬರುತ್ತಿಲ್ಲ, ಪೆಡಲ್ ಮಾತ್ರ ಮೆತ್ತಗೆ" ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೆ ಎಷ್ಟೋ ಗಾಡಿಗಳಲ್ಲಿ ಬೋಲ್ಟ್ ಆರಾಮಾಗಿ ಕೂರುತ್ತದೆ, ಹೋಸ್ ಕೂಡ ಕೂರುತ್ತದೆ. ನಿಪ್ಪಲ್ ಮಾತ್ರ ಕೆಳಗೆ ಬರುತ್ತದೆ. ಗಾಳಿ ಯಾವಾಗಲೂ ಮೇಲೆ ನಿಲ್ಲುತ್ತದೆ, ನೀವು ಕೆಳಗಿನಿಂದ ಆಯಿಲ್ ತೆಗೆಯುತ್ತಾ ಇರುತ್ತೀರಿ. ನಾಲ್ಕಲ್ಲ, ನಲವತ್ತು ಸಲ ಮಾಡಿದರೂ ಪೈಪಿನಲ್ಲಿ ಚೊಕ್ಕ ಆಯಿಲ್ಲೇ ಬರುತ್ತದೆ.

ಗ್ರೀಸ್‌ಕೈ:
ಮಾರಾಯ್ರೇ.

ಚಕ್ರ ಬಿಚ್ಚಿದೆ. ನಿಪ್ಪಲ್ ನೆಲ ನೋಡುತ್ತಾ ನೇತಾಡುತ್ತಿದೆ. ಎರಡೂ ಕಡೆ!

ಹೊಸ ಕ್ಯಾಲಿಪರ್ ಬಂದ ಪೆಟ್ಟಿಗೆ ಮೇಲೆ ಎಡ, ಬಲ ಅಂತ ದೊಡ್ಡದಾಗಿ ಬರೆದಿತ್ತು, ಓದಿಯೇ ಹಾಕಿದ್ದು ನಾನು. ಆದರೆ ಬಾನೆಟ್ ಎದುರು ನಿಂತು ಲೆಕ್ಕ ಹಾಕಿದ್ದೆ. ಗಾಡಿ ಒಳಗೆ ಕೂತು ಮುಂದೆ ನೋಡಿದಾಗಿನ ಎಡ-ಬಲ ಅಂತ ಹೊಳೆಯಲೇ ಇಲ್ಲ. ತಮ್ಮನಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದೇನೆ.

ಒಂದು ಪ್ರಶ್ನೆ. ಅದಲು ಬದಲು ಮಾಡದೆ, ಕ್ಯಾಲಿಪರ್ ಬಿಚ್ಚಿ ನಿಪ್ಪಲ್ ಮೇಲೆ ಬರುವ ಹಾಗೆ ಕೈಯಲ್ಲಿ ಹಿಡಿದು ಬ್ಲೀಡ್ ಮಾಡಿದರೆ ಆಗಲ್ವಾ?

ಬ್ಲೀಡ್‌ನಿಪ್ಪಲ್:
ಗಾಳಿ ಹೋಗುತ್ತದೆ. ಪ್ಯಾಡುಗಳ ನಡುವೆ ಡಿಸ್ಕಿನಷ್ಟು ದಪ್ಪದ ಮರದ ತುಂಡು ಇರಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಹೊರಗೆ ಹಾರುತ್ತದೆ. ಆದರೆ ಮುಂದಿನ ಸಲ ಆಯಿಲ್ ಬದಲಿಸುವವರು ಯಾರೇ ಆಗಲಿ ಇದೇ ಗುಂಡಿಗೆ ಬೀಳುತ್ತಾರೆ. ಸರಿಯಾದ ಕಡೆಗೇ ಹಾಕಿ. ಹೋಸ್ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಹೊಸದು ಹಾಕಿ, ಒಮ್ಮೆ ಬಿಗಿದದ್ದು ಆಗಲೇ ಚಪ್ಪಟೆಯಾಗಿರುತ್ತದೆ. ಬ್ಲೀಡ್ ಮಾಡುವಾಗ ಕ್ಯಾಲಿಪರ್ ಮೈಗೆ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಗೋಡೆಗೆ ಅಂಟಿದ ಸಣ್ಣ ಗುಳ್ಳೆಗಳೂ ಬಿಡುತ್ತವೆ. ಪೇಂಟ್ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಗ್ರೀಸ್‌ಕೈ:
ಮಾಡಿದೆ. ಮೊದಲ ಸಲ ನಿಪ್ಪಲ್ ಸಡಿಲ ಮಾಡಿದ ತಕ್ಷಣ ಪೈಪಿನಲ್ಲಿ ಬುಸ್ ಅಂತ ಬರೀ ಗಾಳಿ, ಆಮೇಲೆ ನೊರೆ, ಆಮೇಲೆ ಸಾಲಾಗಿ ಸಾಸಿವೆಯಷ್ಟು ಗುಳ್ಳೆಗಳು. ನೋಡಲು ಎಷ್ಟು ಖುಷಿ ಗೊತ್ತಾ. ಸ್ಪಂಜು ಹೋಯಿತು, ತುದಿಯಲ್ಲಿ ಪೆಡಲ್ ಕಲ್ಲು.

ಆದರೂ ಕಚ್ಚುವ ಮೊದಲು ಸ್ವಲ್ಪ ಜಾಸ್ತಿ ಕೆಳಗೆ ಹೋಗುತ್ತದೆ. ಎರಡನೇ ಸಲ ತುಳಿದರೆ ಮೇಲೇ ಹಿಡಿಯುತ್ತದೆ.

ಹಳೇಗಾಡಿ:
ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ಪೆಡಲ್ ತುಳಿದು ನೋಡಿ. ಮೇಲೇ ಹಿಡಿದರೆ ಹಿಂದಿನ ಡ್ರಮ್‌ನಲ್ಲಿ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತಿ ನಿಲ್ಲಿಸುವ ಭಾಗ) ತುಂಬಾ ದೂರ ಇದೆ. ಶೂ ಡ್ರಮ್ಮಿಗೆ ತಾಗುವುದಕ್ಕೇ ಅರ್ಧ ಪೆಡಲ್ ಖರ್ಚಾಗುತ್ತಿದೆ.

ಗ್ರೀಸ್‌ಕೈ:
ಅದೇ ಆಗಿತ್ತು. ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಚಕ್ರ ಎತ್ತಿ, ಹಿಂಬದಿ ಪ್ಲೇಟಿನ ರಬ್ಬರ್ ಮುಚ್ಚಳ ತೆಗೆದು ಸ್ಕ್ರೂಡ್ರೈವರ್‌ನಲ್ಲಿ ಶೂ ಗ್ಯಾಪ್ ಅಡ್ಜಸ್ಟ್ ಮಾಡುವ ಹಲ್ಲಿನ ಚಕ್ರ ಒಂದೊಂದೇ ಹಲ್ಲು ತಿರುಗಿಸಿದೆ. ಕೈಯಲ್ಲಿ ಚಕ್ರ ಸುತ್ತಿದಾಗ ಸಣ್ಣಗೆ ಸರಸರ ಉಜ್ಜುವ ಸದ್ದು ಬರುವವರೆಗೆ ಬಿಗಿ ಮಾಡಿ, ಎರಡು ಹಲ್ಲು ವಾಪಸ್. ಒಂದು ಕಡೆ ಹತ್ತು ಹಲ್ಲಿಗಿಂತ ಜಾಸ್ತಿ ತಿರುಗಿಸಬೇಕಾಯಿತು! ತಾನಾಗಿಯೇ ಅಡ್ಜಸ್ಟ್ ಆಗುವ ಲಿವರ್ ತುಕ್ಕಿಗೆ ಅಲ್ಲಾಡದೆ ನಿಂತಿತ್ತು, ಡ್ರಮ್ ಬಿಚ್ಚಿ ಅದನ್ನೂ ಬಿಡಿಸಿದೆ. ಈಗ ಮೊದಲ ತುಳಿತಕ್ಕೇ ಮೇಲೆ ಹಿಡಿಯುತ್ತದೆ.

ಬ್ಲೀಡ್‌ನಿಪ್ಪಲ್:
ಚೆನ್ನಾಯ್ತು. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಹೋಸ್ ಬೋಲ್ಟ್ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ, ಒದ್ದೆಯಾದರೆ ವಾಷರ್ ಸರಿಯಾಗಿ ಕೂತಿಲ್ಲ. ಡಬ್ಬಿ ಮಟ್ಟಕ್ಕೂ ಪೆನ್ನಿನಲ್ಲಿ ಒಂದು ಗೆರೆ ಹಾಕಿಡಿ.

ಗ್ರೀಸ್‌ಕೈ:
ಟಿಶ್ಯೂ ಒಣಗೇ ಇದೆ, ಗೆರೆಯೂ ಕದಲಿಲ್ಲ. ತಮ್ಮನಿಗೆ ನಿಜ ಹೇಳಿದೆ. ಇನ್ನು ಮೇಲೆ ಎಡ ಯಾವುದು ಬಲ ಯಾವುದು ಅಂತ ಅವನೇ ಹೇಳ್ತಾನಂತೆ.