ಅಪ್‌ಡೇಟ್: ಉದ್ದುದ್ದ ಮೆಡಿಕಲ್ ಪದಗಳನ್ನು ತಂಗಿ ಈಗ ಓದುತ್ತಾಳೆ

ದಾವಣಗೆರೆಯಲ್ಲಿ ನರ್ಸಿಂಗ್ ಓದುವ ನನ್ನ ತಂಗಿ ಕನ್ನಡ ಮೀಡಿಯಂನವಳು. ಉದ್ದದ ಇಂಗ್ಲಿಷ್ ಪದ ಬಂದರೆ ಅರ್ಧಕ್ಕೇ ನಿಲ್ಲಿಸುತ್ತಾಳೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು "ಪದದ ಬಾಲದಿಂದ ಶುರು ಮಾಡಿ" ಅಂದವರ ಸಲಹೆ. ಕೊನೆಯಲ್ಲಿ ಐಟಿಸ್ ಇದ್ದರೆ ಉರಿಯೂತ, ಎಕ್ಟಮಿ ಇದ್ದರೆ ಕತ್ತರಿಸಿ ತೆಗೆಯುವುದು. ಮಜಾ ಏನಂದ್ರೆ, ಒತ್ತು ಎಲ್ಲಿ ಬೀಳುತ್ತದೆ, ಅಂದ್ರೆ ಯಾವ ಭಾಗವನ್ನು ಜೋರಾಗಿ ಹೇಳಬೇಕು ಅಂತಲೂ ಈ ಬಾಲವೇ ಹೇಳುತ್ತದೆ. ಅಪೆಂಡಿಸೈಟಿಸ್‌ನಲ್ಲಿ "ಸೈ" ಮೇಲೆ ಒತ್ತು. ಅಪೆಂಡೆಕ್ಟಮಿಯಲ್ಲಿ ಅದು "ಡೆಕ್" ಮೇಲೆ. ಕಾರ್ಡಿಯಾಲಜಿ, ನ್ಯೂರಾಲಜಿ ತರದವುಗಳಲ್ಲಿ "ಲಜಿ"ಗೆ ಸ್ವಲ್ಪ ಮುಂಚೆ, ಆ "ಆ" ಮೇಲೆ. ಗ್ಯಾಸ್ಟ್ರೋಎಂಟರೈಟಿಸ್ ಈಗ ಅವಳಿಗೆ ಮೂರು ತುಂಡು: ಜಠರ, ಕರುಳು, ಉರಿಯೂತ. ನಾವು ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡ್ತೀವಿ ಅಲ್ವಾ, ಅಲ್ಲೇ ಅವಳಿಗೆ ತೊಡಕಾಗುತ್ತಿತ್ತು. ಒತ್ತಿಲ್ಲದ ಸ್ವರವನ್ನು ಇಂಗ್ಲಿಷಿನವರು ಅರ್ಧ ನುಂಗಿಬಿಡುತ್ತಾರೆ.

ಪದದಲ್ಲಿ ಉಚ್ಚಾರದ ತುಂಡು ಎಷ್ಟು ಅಂತ ಚಪ್ಪಾಳೆ ತಟ್ಟಿ ಎಣಿಸುವುದು ಅಷ್ಟು ಉಪಯೋಗವಾಗಲಿಲ್ಲ. ಎಣಿಕೆ ಸರಿ ಬಂತು, ಒತ್ತು ಗೊತ್ತಾಗಲಿಲ್ಲ. ಡಿಕ್ಷನರಿಯಲ್ಲಿ ಪದದ ನಡುವೆ ಬರುವ ಚುಕ್ಕಿಗಳನ್ನೂ ನಂಬಬೇಡಿ. ಎಷ್ಟೋ ಡಿಕ್ಷನರಿಗಳಲ್ಲಿ ಅವು ಸಾಲಿನ ಕೊನೆಯಲ್ಲಿ ಪದ ಮುರಿಯಲು ಇರುವ ಗುರುತು, ಉಚ್ಚಾರಣೆಗಲ್ಲ.

ಇನ್ನೊಂದು ಹೊಸ ವಿಷಯ ತಿಳಿಯಿತು. ಕಿಡ್ನಿ ಅನ್ನೋ ಅರ್ಥಕ್ಕೆ ಮೆಡಿಕಲ್ ಪದಗಳಲ್ಲಿ ಎರಡು ಮೂಲ: ನೆಫ್ರೈಟಿಸ್‌ನ "ನೆಫ್ರ್" ಗ್ರೀಕಿನದು, ರೀನಲ್‌ನ "ರೀನ್" ಲ್ಯಾಟಿನ್ನಿನದು. ಎರಡನ್ನೂ ಕಲಿಯದೆ ಗತಿಯಿಲ್ಲ.

ಸ್ಪೆಲ್ಲಿಂಗ್ ಬೇರೆ ಕಥೆ. ನ್ಯುಮೋನಿಯಾದ ಮುಂದೆ ಸುಮ್ನೆ ಕೂತಿರುವ "ಪಿ" ಮೇಲೆ ಅವಳಿಗೆ ಇನ್ನೂ ಸಿಟ್ಟಿದೆ.