ಸಮಿತಿಯಲ್ಲಿ ಹೆಸರಿದೆ, ಸಭೆಗೆ ಮಾತ್ರ ಕರೆಯುವುದಿಲ್ಲ

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಶಿರಸಿ ಕಡೆಯ ಹಳ್ಳಿ. ಕಾಡಿನ ಹಕ್ಕಿನ ಅರ್ಜಿ ಪರಿಶೀಲಿಸಲು ಗ್ರಾಮಸಭೆ ಮಾಡುವ ಅರಣ್ಯ ಹಕ್ಕು ಸಮಿತಿಗೆ ನನ್ನನ್ನು ಸೇರಿಸಿ ಎರಡು ವರ್ಷ ಆಯ್ತು. ಸಭೆ ಯಾವಾಗ ಅಂತ ಯಾರೂ ಹೇಳುವುದಿಲ್ಲ. ಆಮೇಲೆ ಸಭೆಯ ಪುಸ್ತಕ ಮನೆಗೆ ಬರುತ್ತದೆ, "ಇಲ್ಲೊಂದು ಸೈನ್ ಹಾಕಮ್ಮ" ಅಂತಾರೆ. ಈಗ ಊರಿನ ಕಾಡಿಗೆ ಸಾಮೂಹಿಕ ಹಕ್ಕಿನ ಅರ್ಜಿ ಹಾಕುತ್ತಿದ್ದಾರೆ. ಕಾಡಿಂದ ಉಪ್ಪಾಗೆ, ಮುರುಗಲಿನ ಹುಳಿ ಹಣ್ಣು, ಸೀಗೆಕಾಯಿ ತರುವವರು ನಾವು. ನಕ್ಷೆ ಮಾಡುವಾಗ ನಮ್ಮನ್ನು ಕೇಳಲೇ ಇಲ್ಲ. ಸುಮ್ನೆ ಸೈನ್ ಹಾಕಬೇಕಾ?

ಉತ್ತರ (ಅರಣ್ಯ ಹಕ್ಕು ಪ್ರಕರಣ ನೋಡುವ ವಕೀಲೆ): ಹಾಕಬೇಡಿ ಅಕ್ಕ. ಪುಸ್ತಕ ಮತ್ತೆ ಬಂದರೆ "ಸಭೆಗೆ ಕರೆದಿಲ್ಲ" ಅಂತ ಬರೆದು ತಾರೀಖು ಹಾಕಿ, ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಹೆಂಗಸರು ಅವರಿಗೆ ಬೇಕೇಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮದ ಪ್ರಕಾರ ಸಮಿತಿಯಲ್ಲಿ 10ರಿಂದ 15 ಜನ, ಅದರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರು ಇರಬೇಕು. 2012ರ ತಿದ್ದುಪಡಿಯಾದ ಮೇಲೆ ಗ್ರಾಮಸಭೆಗೆ ಅದರ ಸದಸ್ಯರಲ್ಲಿ ಅರ್ಧದಷ್ಟು ಜನ ಬರಬೇಕು. ಬಂದವರಲ್ಲೂ ಮೂರನೇ ಒಂದು ಭಾಗ ಹೆಂಗಸರಿರಬೇಕು, ಇಲ್ಲದಿದ್ದರೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಆಗುವುದಿಲ್ಲ. ಕೋರಂ ಇಲ್ಲದ ಸಭೆಯ ಠರಾವಿನ ಮೇಲೆ ಹೋದ ಅರ್ಜಿ ವಾಪಸ್ ಬಂದರೆ ನಷ್ಟ ಇಡೀ ಊರಿಗೆ. ಇದನ್ನು ಅವರಿಗೆ ಬಿಡಿಸಿ ಹೇಳಿ.

ಇನ್ನು ನಕ್ಷೆ. ನನಗೆ ಇದೇ ದೊಡ್ಡ ವಿಷಯ. ನಾನು ಹೋಗಿದ್ದ ಒಂದು ಊರಲ್ಲಿ ಗಂಡಸರು ಬರೆದ ನಕ್ಷೆಯಲ್ಲಿ ರಸ್ತೆ, ದೇವರ ಬನ, ಸ್ಮಶಾನ ಎಲ್ಲ ಇತ್ತು. ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಕಡ್ಡಿಯಿಂದ ನೆಲದ ಮೇಲೆ ಹಳ್ಳ ಗೀರಿದರು. ಹಳ್ಳದಾಚೆ ಒಂದೊಂದೇ ಕಲ್ಲು ಇಟ್ಟರು. ಹನ್ನೊಂದು ಕಲ್ಲು, ಹನ್ನೊಂದು ಉಪ್ಪಾಗೆ ಮರ. ಅಷ್ಟೂ ಮರ ಗಡಿಯ ಹೊರಗೆ ಉಳಿದಿದ್ದವು! ನೀವೂ ನಾಲ್ಕೈದು ಜನ ಸೇರಿ ಒಂದು ದಿನ ಕಾಡು ಸುತ್ತಿ ಬನ್ನಿ. ಏನು ತರುತ್ತೀರಿ, ಎಲ್ಲಿಂದ, ಯಾವ ತಿಂಗಳು ಅಂತ ಬರೆಸಿ. ಉಪ್ಪಾಗೆ, ಸೀಗೆಯಂಥ ಕಿರು ಅರಣ್ಯ ಉತ್ಪನ್ನದ ಹಕ್ಕಿಗೆ ಬಿ ನಮೂನೆ, ಕಾಡನ್ನು ಕಾಯುವ ಹಕ್ಕಿಗೆ ಸಿ ನಮೂನೆ. ಎರಡೂ ಹಾಕಿಸಿ.

ಹಕ್ಕು ಸಿಕ್ಕ ಮೇಲೆ ಕಾಡು ನೋಡಿಕೊಳ್ಳಲು ಗ್ರಾಮಸಭೆ ಇನ್ನೊಂದು ಸಮಿತಿ ಮಾಡಬೇಕು. ಅದಕ್ಕೂ ನಿಲ್ಲಿ. ಪೈಪೋಟಿಗೆ ಬಿದ್ದು ಎಳೆ ಉಪ್ಪಾಗೆ ಕೊಯ್ಯುವುದು, ಕೊಂಬೆ ಕಡಿಯುವುದು ನಿಂತರೆ ತಾನೇ ಮರ ಉಳಿಯೋದು? ಮಳೆಗಾಲದಲ್ಲಿ ಉಪ್ಪಾಗೆ ಸಿಪ್ಪೆ ಒಣಗಿಸಲು ಎಷ್ಟು ಕಟ್ಟಿಗೆ ಸುಡುತ್ತದೆ ಅನ್ನೋದೂ ಒಲೆ ಮುಂದೆ ಕೂತವರಿಗೇ ಗೊತ್ತು.

ಪ್ರಶ್ನೆ: ಮೇಡಂ, ಹತ್ತು ಗಂಡಸರ ನಡುವೆ ಬಾಯಿ ಬಿಡೋಕೇ ಭಯ.

ಉತ್ತರ: ಒಬ್ಬರೇ ಹೋಗಬೇಡಿ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಗುಜರಾತ್ ಮತ್ತು ನೇಪಾಳದ ಅರಣ್ಯ ಸಮಿತಿಗಳಲ್ಲಿ ಕಂಡದ್ದೂ ಇದೇ: ಹೆಂಗಸರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಾದರೆ ಮಾತಾಡುವುದು ಜಾಸ್ತಿಯಾಗುತ್ತದೆ. ಸಂಜೆ ಏಳಕ್ಕೆ ಸಭೆ ಇಟ್ಟರೆ ಹಾಲು ಕರೆಯುವವರು, ಅಡುಗೆ ಮಾಡುವವರು ಬರೋದು ಹೇಗೆ? ಮಧ್ಯಾಹ್ನ ಮೂರಕ್ಕೆ ಇಡಿ ಅಂತ ಬರೆದು ಕೊಡಿ. ಅಧ್ಯಕ್ಷರನ್ನು ಸಮಿತಿಯೇ ಆರಿಸುತ್ತದೆ. ಅದು ನೀವೂ ಆಗಬಹುದು.

ಇನ್ನೊಬ್ಬರ ಪ್ರಶ್ನೆ: ನಮ್ಮ ಅರಣ್ಯ ಜಮೀನಿನ ಹಕ್ಕುಪತ್ರದಲ್ಲಿ ಯಜಮಾನರ ಹೆಸರು ಮಾತ್ರ ಇದೆ. ಅದು ಸರೀನಾ?

ಉತ್ತರ: ಸರಿಯಲ್ಲ. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಕೊಡಬೇಕು ಅಂತ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಹೆಸರು ಸೇರಿಸಲು ಇಬ್ಬರೂ ಸಹಿ ಮಾಡಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ.