ಅಪರ್ಣಾ ಫಾರ್ವರ್ಡ್ ಮತ್ತು ನಮ್ಮ ಪುಟ್ಟಿ

(ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ. ಹೆಸರುಗಳು ನನ್ನ ಫೋನಿನಲ್ಲಿ ಇರುವಂತೆ. ಪುಟ್ಟಿ ಚಿಕ್ಕಪ್ಪನ ಮಗಳು, ಒಂದು ಸುದ್ದಿ ಚಾನೆಲ್ಲಿನಲ್ಲಿ ನಿರೂಪಕಿ. ನಡುವೆ ಬಂದ ಶುಭೋದಯದ ಹೂಗಳನ್ನು ತೆಗೆದಿದ್ದೇನೆ.)

ದೊಡ್ಡಪ್ಪ: (ಫಾರ್ವರ್ಡ್) ಕನ್ನಡದ ಮೊಟ್ಟಮೊದಲ ವಾರ್ತಾವಾಚಕಿ ಅಪರ್ಣಾ!! ಇವರ ಕನ್ನಡ ಕೇಳಿ, ಈಗಿನ ಕಿರುಚಾಟ ನೋಡಿ. ನಿಜವಾದ ಕನ್ನಡಿಗರಾದರೆ ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ: ಪುಟ್ಟಿ ಓದಲೇಬೇಕು.

ಮೈಸೂರು ಅತ್ತೆ: ಅಣ್ಣ, ಮೊದಲ ಸಾಲೇ ತಪ್ಪು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಆಗ ಅಪರ್ಣಾಗೆ 15 ವರ್ಷ. ಅವರು ಹೆಸರು ಮಾಡಿದ್ದು 90ರ ದಶಕದಲ್ಲಿ, ಅದೂ ಚಂದನದ ಕಾರ್ಯಕ್ರಮಗಳ ನಿರೂಪಕಿಯಾಗಿ.

ದೊಡ್ಡಪ್ಪ: ವಾರ್ತೆಯೋ ಕಾರ್ಯಕ್ರಮವೋ, ಮಾತು ಮಾತೇ ಅಲ್ವಾ? ಅವರು ಒಂದು ಹಕಾರ ತಪ್ಪಿದ್ದು ತೋರಿಸು ನೋಡೋಣ. ನಿನ್ನೆ ಒಬ್ಬಳು "ಆಸನದಲ್ಲಿ ಆಲಿನ ದರ" ಅಂತ ಓದಿದಳು. ಹಾಸನವೂ ಹೋಯಿತು, ಹಾಲೂ ಹೋಯಿತು.

ಪುಟ್ಟಿ: ಅದು ನಾನಲ್ಲ ದೊಡ್ಡಪ್ಪ.

ಪುಟ್ಟಿ: ಆದರೆ ಕಿರುಚಾಟದ ವಿಷಯಕ್ಕೆ ಬನ್ನಿ. ಚಂದನದಲ್ಲಿ ಅವರ ಮುಂದೆ ಆರು ಜನ ಒಟ್ಟಿಗೆ ಕೂಗಾಡುತ್ತಿರಲಿಲ್ಲ. 2006ರ ಕೊನೆಗೆ ಟಿವಿ9 ಬಂತು, ಆಮೇಲೆ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ. ಈಗ ಎಲ್ಲರೂ ಒಂದೇ ಸುದ್ದಿಯನ್ನು ಒಂದೇ ಹೊತ್ತಿಗೆ ಕೊಡುತ್ತಾರೆ. ರಿಮೋಟ್ ನಿಮ್ಮ ಕೈಯಲ್ಲಿದೆ. ಗುರುವಾರ ರೇಟಿಂಗ್ ಬಂದಾಗ ಮೆಲ್ಲಗೆ ಓದಿದವರು ತಲೆ ತಗ್ಗಿಸಬೇಕು.

ಚಿಕ್ಕಪ್ಪ: ಅಣ್ಣ ರಾತ್ರಿ ನೋಡುವುದು ಕಿರುಚುವ ಚಾನೆಲ್ಲನ್ನೇ. ಸೌಂಡು ನಮ್ಮ ಮನೆವರೆಗೂ ಬರುತ್ತದೆ.

ದೊಡ್ಡಪ್ಪ: ಸುದ್ದಿಗೆ ನೋಡುತ್ತೇನೆ ಕಣೋ.

ಭಾವ: ಇನ್ನೆಷ್ಟು ದಿನ ಈ ಜಗಳ? 2023ರ ಜುಲೈನಲ್ಲೇ ಪವರ್ ಟಿವಿಯವರು ಸೌಂದರ್ಯ ಅಂತ ಎಐ ನಿರೂಪಕಿಯನ್ನು ತಂದರು. ಅವಳಿಗೆ ಹಕಾರ ಕಲಿಸಿದರೆ ಮರೆಯಲ್ಲ, ರಜೆ ಕೇಳಲ್ಲ. ಕೋಲ್ಕತ್ತ ದೂರದರ್ಶನದಲ್ಲಿ 2024ರ ಏಪ್ರಿಲ್‌ನಲ್ಲಿ ಒಬ್ಬರು ಬಿಸಿಲಿನ ಸುದ್ದಿ ಓದುತ್ತಲೇ ಪ್ರಜ್ಞೆ ತಪ್ಪಿದರಲ್ಲ, ಅದೂ ಆಗಲ್ಲ.

(ಭಾವ ಸಾಫ್ಟ್‌ವೇರ್. ಮದುವೆ ಊಟದ ಜಗಳವನ್ನೂ ಎಐಗೆ ತಂದು ನಿಲ್ಲಿಸಬಲ್ಲರು.)

ಪುಟ್ಟಿ: ಬರೆದುಕೊಟ್ಟದ್ದನ್ನು ಅವಳೇ ಓದಲಿ ಭಾವ, ನನ್ನ ಗಂಟಲು ಉಳಿಯುತ್ತದೆ. ಆದರೆ 2023ರ ಮೇ 13 ನೆನಪಿದೆಯಾ? ಮತ ಎಣಿಕೆ ದಿನ. ಜಯನಗರದಲ್ಲಿ ಮೊದಲು ಸೌಮ್ಯಾ ರೆಡ್ಡಿ ಮುಂದೆ ಅಂದರು. ಆಮೇಲೆ ಮರು ಎಣಿಕೆ. ರಾತ್ರಿಯಾದರೂ ಮುಗಿಯಲಿಲ್ಲ. ಕೊನೆಗೆ ರಾಮಮೂರ್ತಿ 16 ಮತದಿಂದ ಗೆದ್ದರು. ಇಂಥ ಹೊತ್ತಿನಲ್ಲಿ ಪ್ರಾಂಪ್ಟರ್ ಖಾಲಿ. ರಿಪೋರ್ಟರ್ ಲೈನ್ ಕಟ್ಟಾಗುತ್ತದೆ. ಕಿವಿಯಲ್ಲಿ ಪ್ರೊಡ್ಯೂಸರ್ "ಎಳೀರಿ, ಇನ್ನೂ ಎಳೀರಿ" ಅನ್ನುತ್ತಾರೆ. ಗೆದ್ದರು ಅನ್ನುವಂತಿಲ್ಲ, ಸೋತರು ಅನ್ನುವಂತಿಲ್ಲ, ಸುಮ್ನೆ ಕೂರುವಂತೆಯೂ ಇಲ್ಲ.

ಮೈಸೂರು ಅತ್ತೆ: ಅಪರ್ಣಾ ದೊಡ್ಡವರು ಅನಿಸುವುದೂ ಇದಕ್ಕೇ. 1998ರಲ್ಲಿ ದೀಪಾವಳಿ ಕಾರ್ಯಕ್ರಮವನ್ನು ಸತತ 8 ಗಂಟೆ ನಡೆಸಿಕೊಟ್ಟರು. ಅಷ್ಟು ಹೊತ್ತಿನ ಮಾತನ್ನು ಯಾರು ಬರೆದುಕೊಡುತ್ತಾರೆ? ಉಚ್ಚಾರಣೆ ನಾನು ಶಾಲೆಯಲ್ಲೂ ಕಲಿಸಿದ್ದೇನೆ ಅಣ್ಣ, ಅದು ಬರುತ್ತದೆ. ಹೊತ್ತು ತುಂಬಿಸುವುದು ಕಷ್ಟ.

ದೊಡ್ಡಪ್ಪ: ಒಪ್ಪಿದೆ. ಆದರೆ ಅಂಥವರು ಮಜಾ ಟಾಕೀಸ್ ಅನ್ನುವ ಆ ಕಾಮಿಡಿ ಶೋಗೆ ಹೋಗಬಾರದಿತ್ತು. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಮಾಡಿದವರು. ಆ ವರಲಕ್ಷ್ಮಿ ವೇಷದಲ್ಲಿ ಗಾಂಭೀರ್ಯವೇ ಹೋಯಿತು.

ನಾನು: ನನಗೆ ಇಷ್ಟವಾಗಿದ್ದೇ ಆ ವರಲಕ್ಷ್ಮಿ. ವರ್ಷಗಟ್ಟಲೆ ಅಚ್ಚುಕಟ್ಟಾಗಿ ಮಾತಾಡಿದವರು ಅದೇ ಮಾತನ್ನು ಇಟ್ಟುಕೊಂಡು ನಗಿಸಿದರು. ಅವರನ್ನು ಚಂದನದಲ್ಲಿ ನೋಡೇ ಇರದ ಹುಡುಗರಿಗೂ ಗೊತ್ತಾದರು.

ಪುಟ್ಟಿ: ದೊಡ್ಡಪ್ಪ, ಬೇಸರ ಮಾಡಿಕೊಳ್ಳಬೇಡಿ. ಮಜಾ ಟಾಕೀಸ್ ಶುರುವಾದ 2015ರಲ್ಲಿ ಅವರಿಗೆ 48 ವರ್ಷ. ಆ ವಯಸ್ಸಿನ ಎಷ್ಟು ಹೆಂಗಸರು ರಾತ್ರಿ 9ರ ಬುಲೆಟಿನ್ ಓದುವುದನ್ನು ನೋಡಿದ್ದೀರಿ? ಗಂಡಸರ ಕೂದಲು ನೆರೆತರೆ ಸಂಪಾದಕರು, ಚರ್ಚೆ ನಡೆಸುತ್ತಾರೆ. ನಮ್ಮದು ನೆರೆತರೆ ತೆರೆಯ ಹಿಂದೆ, ಸುದ್ದಿ ಬರೆಯುವ ಡೆಸ್ಕಿಗೆ ಹೋಗಿ ಅನ್ನುತ್ತಾರೆ. ನನಗೆ ಈಗಲೇ ಮೇಕಪ್ಪಿನವರು ಕಣ್ಣಿನ ಕೆಳಗೆ ಜಾಸ್ತಿ ಹಚ್ಚುತ್ತಾರೆ. ಅಪರ್ಣಾ ಬಿಗ್ ಬಾಸ್‌ಗೂ ಹೋದರು, ನಗಿಸಿದರು, ಸಮಾರಂಭ ನಡೆಸಿದರು. ಮುಖದ ಗೊಡವೆ ಇಲ್ಲದೆ ಸಿಕ್ಕಿದ್ದು ಬೆಂಗಳೂರು ಮೆಟ್ರೋದಲ್ಲಿ ನಿಲ್ದಾಣಗಳ ಹೆಸರು ಹೇಳುವ ಕೆಲಸ. ದನಿ ಸಾಕಾಗಿತ್ತು.

(ಇದಾದ ಮೇಲೆ ಗುಂಪಿನಲ್ಲಿ ತುಂಬಾ ಹೊತ್ತು ಯಾರೂ ಬರೆಯಲಿಲ್ಲ. ಎಲ್ಲರೂ ಓದಿದ್ದರು, ನೀಲಿ ಟಿಕ್ ಬಿದ್ದಿತ್ತು.)

ಚಿಕ್ಕಪ್ಪ: ಇದನ್ನು ನೀನು ಮನೆಯಲ್ಲಿ ಹೇಳಿಯೇ ಇರಲಿಲ್ಲ.

ಪುಟ್ಟಿ: ನೀವು ಕೇಳಿರಲಿಲ್ಲ ಅಪ್ಪ.

ಮೈಸೂರು ಅತ್ತೆ: 2024ರ ಜುಲೈ 11ಕ್ಕೆ ಅಪರ್ಣಾ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್. ಇನ್ನೂ 57. ಆಮೇಲೆ ಬೆಂಗಳೂರಿಗೆ ಬಂದಾಗ ಮೆಟ್ರೋದಲ್ಲಿ "ಮುಂದಿನ ನಿಲ್ದಾಣ" ಕೇಳಿ ನನಗೆ ಕಣ್ಣು ತುಂಬಿತು, ಇಳಿಯುವ ಜಾಗ ದಾಟಿ ಹೋದೆ.

ಭಾವ: ಆ ದನಿಯನ್ನೇ ಎಐಗೆ ಕೊಟ್ಟರೆ ಹೊಸ ನಿಲ್ದಾಣಗಳ ಹೆಸರೂ ಹೇಳಿಸಬಹುದು ಅತ್ತೆ.

ಮೈಸೂರು ಅತ್ತೆ: ಅವರ ಮನೆಯವರನ್ನು ಕೇಳದೆ ಹೇಳಿಸಬಾರದು. ಕೇಳಿದರೂ ನನಗೆ ಬೇಡ.

ಭಾವ: ಸರಿ ಸರಿ.

ದೊಡ್ಡಪ್ಪ: ಪುಟ್ಟಿ, ನಿನ್ನ ಹಕಾರ ಚೆನ್ನಾಗಿದೆ. ಅದು ನಾನು ಯಾವಾಗಲೂ ಹೇಳುವ ಮಾತು.

ಪುಟ್ಟಿ: ಇದೇ ಮೊದಲ ಸಲ ಹೇಳಿದ್ದು.

ಮೈಸೂರು ಅತ್ತೆ: ಅಣ್ಣ, ಬೇರೆ ಗುಂಪಿಗೂ ಹಾಕಿದ್ದೀಯಾ? ಆ "ಮೊಟ್ಟಮೊದಲ" ತೆಗೆದು ಹಾಕು.

ದೊಡ್ಡಪ್ಪ: ಅದನ್ನು ತೆಗೆದರೆ ಉಳಿದದ್ದನ್ನು ಯಾರು ಓದುತ್ತಾರೆ?

ಪುಟ್ಟಿ: ದೊಡ್ಡಪ್ಪ, ನಮ್ಮ ಡೆಸ್ಕಿನವರು ಹೇಳುವುದೂ ಇದನ್ನೇ.